ಲಂಡನ್ನಿನ ವಧೂವರ ಸೂತ್ರಧಾರಿಣಿ ಮತ್ತು ಒಬ್ಬ ಕಿಲಾಡಿ: ನಾನು ಬರೆದ ಬಗೆ

ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ, ರೀಜೆನ್ಸಿ ಕಾಲದ ಪ್ರೇಮಕಥೆಯೊಂದನ್ನು ಕನ್ನಡದಲ್ಲಿ ಬರೆಯಲು ಕೂತಾಗ ನನಗೆ ಮೊದಲು ಸಿಕ್ಕಿದ್ದು ನಾಯಕಿ. ಮೂವತ್ತು ದಾಟಿದ ವಿಧವೆ. ದೊಡ್ಡ ಮನೆತನಗಳ ಹೆಣ್ಣುಮಕ್ಕಳಿಗೆ ಸಂಬಂಧ ಕುದುರಿಸಿಕೊಡುವವಳು. ಬೋರ್ಡು ಹಾಕಿಕೊಂಡು ಮಾಡುವ ಕೆಲಸವಲ್ಲ ಅದು. ಪರಿಚಯ, ಸ್ನೇಹ ಅನ್ನುವ ಹೆಸರಿನಲ್ಲೇ ನಡೆಯಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ ನಮ್ಮಲ್ಲಿ, ಇವಳು ಅದಕ್ಕೆ ತದ್ವಿರುದ್ಧ. ಒಂದೂ ಸುಳ್ಳು ಹೇಳಳು. ಅಂಥ ಸುಳ್ಳು ನಂಬಿಯೇ ಅವಳ ಮೊದಲ ಮದುವೆ ಆಗಿದ್ದು.

ಆದರೆ ಹಳೆಯ ನೋವು ಅಂದುಬಿಟ್ಟರೆ ಸಾಲದು. ಅವಳು ಮನಸ್ಸಿಗೆ ಬೀಗ ಹಾಕಿಕೊಂಡದ್ದಕ್ಕೆ ಗಟ್ಟಿ ಕಾರಣ ಬೇಕಿತ್ತು. ಅದು ಸಿಕ್ಕಿದ್ದು ಇಂಗ್ಲೆಂಡಿನ ಅಂದಿನ ಕಾನೂನಿನಲ್ಲಿ. ಮದುವೆಯಾದ ಕ್ಷಣದಿಂದ ಹೆಣ್ಣಿನ ನಗನಾಣ್ಯವೆಲ್ಲ ಗಂಡನದು. ಅವಳ ಹೆಸರಿನ ಜಮೀನಿದ್ದರೂ ಅದರ ಗೇಣಿ ಅವನ ಕೈಗೆ. 1870 ಮತ್ತು 1882ರ ಕಾಯ್ದೆಗಳು ಬರುವವರೆಗೂ ಇದೇ ಪಾಡು. ವಿಧವೆಗೆ ಮಾತ್ರ ಮತ್ತೆ ತನ್ನದೇ ಹೆಸರಿನಲ್ಲಿ ವ್ಯವಹಾರ ಮಾಡುವ ಹಕ್ಕು. ನನ್ನ ನಾಯಕಿಗೆ ಗಂಡನ ಉಯಿಲಿನ ಪ್ರಕಾರ ವರ್ಷಕ್ಕೆ 300 ಪೌಂಡ್ ಬರುತ್ತದೆ, ಮರುಮದುವೆಯಾದರೆ ಅದೂ ನಿಲ್ಲುತ್ತದೆ ಅಂತ ಇಟ್ಟೆ. ಅಷ್ಟು ಗೊತ್ತಾದ ಮೇಲೆ ಅವಳ ಪ್ರತಿ ಮಾತಿನ ಬಿಗಿ ತಾನಾಗಿ ಬಂತು.

ರೀಜೆನ್ಸಿ ಅಂದರೆ 1811ರಿಂದ 1820. ರಾಜ ಮೂರನೇ ಜಾರ್ಜ್‌ನ ಬುದ್ಧಿ ಕೆಟ್ಟು, ಮಗ ಅವನ ಪರವಾಗಿ ಆಳಿದ ಕಾಲ. ಅದರಲ್ಲಿ ನಾನು ಆರಿಸಿಕೊಂಡದ್ದು 1816. ವಾಟರ್ಲೂ ಯುದ್ಧ ಮುಗಿದು ಸೇನಾಧಿಕಾರಿಗಳು ಅರ್ಧ ಸಂಬಳದ ಮೇಲೆ ಊರಿಗೆ ಮರಳಿದ್ದರು. ಉಡುಪಿನ ವಿಷಯದಲ್ಲಿ ಇಡೀ ಲಂಡನ್ನಿಗೆ ಮಾದರಿಯಾಗಿದ್ದ ಬ್ಯೂ ಬ್ರಮ್ಮೆಲ್ ಮೇ ತಿಂಗಳಲ್ಲಿ ಸಾಲಕ್ಕೆ ಹೆದರಿ ಫ್ರಾನ್ಸಿಗೆ ಓಡಿಹೋದ. ಆ ವರ್ಷ ಬೇಸಿಗೆಯೇ ಬರಲಿಲ್ಲ, ಬರೀ ಮಳೆ, ಚಳಿ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದದ್ದೇ ಕಾರಣ ಅಂತ ನಮಗೆ ಗೊತ್ತು, ನನ್ನ ಪಾತ್ರಗಳಿಗೆ ಗೊತ್ತಿರಕೂಡದು. ತೆಳು ಮಸ್ಲಿನ್ ಉಟ್ಟ ಹುಡುಗಿಯರು ಜುಲೈನಲ್ಲೂ ಕಾಶ್ಮೀರಿ ಶಾಲು ಹೊದ್ದು ಗಡಗಡ ನಡುಗುತ್ತಾರೆ, ಅಷ್ಟೇ.

ಇನ್ನು ಕಿಲಾಡಿ ನಾಯಕ. ಇವನೇ ಕಷ್ಟ. 'ಅವನ ಮಾತಿಗೆ ಎಲ್ಲರೂ ಮರುಳಾದರು' ಅಂತ ಬರೆದರೆ ಯಾವ ಓದುಗರೂ ಮರುಳಾಗುವುದಿಲ್ಲ. ಕಿಂಗ್ ಸ್ಟ್ರೀಟಿನ ಆಲ್ಮ್ಯಾಕ್ಸ್‌ನಲ್ಲಿ ಬುಧವಾರದ ನೃತ್ಯಕೂಟ. ಲೇಡಿ ಜರ್ಸಿಯಂಥ ಕೆಲವೇ ಹೆಂಗಸರು ಒಪ್ಪಿ ಚೀಟಿ ಕೊಟ್ಟವರಿಗೆ ಮಾತ್ರ ಪ್ರವೇಶ, ಎಷ್ಟು ದುಡ್ಡಿದ್ದರೂ ಸಾಲದು. ತಿನ್ನಲು ತೆಳುವಾಗಿ ಕೊಯ್ದ ಬ್ರೆಡ್ಡು ಬೆಣ್ಣೆ, ಕುಡಿಯಲು ನಿಂಬೆ ಪಾನಕ. ಅಲ್ಲಿ ಯಾರೂ ಕುಣಿಯಲು ಕರೆಯದೆ ಗೋಡೆಗೆ ಒರಗಿ ಕೂತ ಹುಡುಗಿಯ ಪಕ್ಕ ನಮ್ಮ ಕಿಲಾಡಿ ಹೋಗಿ ಕೂರುತ್ತಾನೆ. ಹೊಗಳುವುದಿಲ್ಲ. ಅವಳ ಊರಿನ ಕುದುರೆಗಳ ಬಗ್ಗೆ ಕೇಳುತ್ತಾನೆ, ಅವಳು ಉತ್ತರ ಹೇಳಿ ಮುಗಿಸುವವರೆಗೂ ಬೇರೆ ಕಡೆ ನೋಡುವುದಿಲ್ಲ. ನಾಯಕಿ ದೂರದಿಂದ ಇದನ್ನು ಗಮನಿಸಿ ಇನ್ನಷ್ಟು ಎಚ್ಚರವಾಗುತ್ತಾಳೆ. ಮೋಹಕತೆ ಅಂದರೆ ಕೇಳಿಸಿಕೊಳ್ಳುವ ಕಲೆ ಅಂತ ನಾನು ನಂಬಿದ್ದೇನೆ, ಅಪಾಯ ಇರುವುದೂ ಅಲ್ಲೇ.

ಅವನು ಎಂಥವನು ಅಂತ ಅವಳು ತಿಳಿಯುವ ಬಗೆಯನ್ನು ನಮ್ಮ ಮನೆಯಿಂದಲೇ ತೆಗೆದುಕೊಂಡೆ. ಹುಡುಗನ ವಿಷಯ ನೆಂಟರನ್ನು ಕೇಳಬೇಡ, ದಿನಸಿ ಅಂಗಡಿಯಲ್ಲಿ ಕೇಳು ಅಂತ ನಮ್ಮ ದೊಡ್ಡಮ್ಮ ಹೇಳುತ್ತಿದ್ದರು. ನಾಯಕಿ ನೇರ ಅವನ ದರ್ಜಿಯ ಹತ್ತಿರ ಹೋಗುತ್ತಾಳೆ. ಆ ಕಾಲದ ಮರ್ಯಾದಸ್ಥರು ಜೂಜಿನ ಸಾಲವನ್ನು ಮಾನದ ಸಾಲ ಅಂತ ಮೊದಲು ತೀರಿಸುತ್ತಿದ್ದರು, ಕೋರ್ಟು ಅದನ್ನು ವಸೂಲಿ ಮಾಡಿಕೊಡದಿದ್ದರೂ. ದರ್ಜಿ, ಚಮ್ಮಾರ ವರ್ಷಗಟ್ಟಲೆ ಕಾಯಬೇಕಿತ್ತು. ಇವನು ಮಾತ್ರ ದರ್ಜಿಯ ಬಾಕಿ ಚುಕ್ತಾ ಮಾಡಿ, ಇಸ್ಪೀಟು ಗೆಳೆಯರನ್ನು ಕಾಯಿಸಿ ಕೆಟ್ಟ ಹೆಸರು ತಗೊಂಡಿದ್ದಾನೆ! ಅವಳ ಲೆಕ್ಕ ತಪ್ಪುವುದು ಅಲ್ಲಿ.

ಒಂದು ಅಧ್ಯಾಯ ಬರೆಯುವಾಗ ನನ್ನ ಕೈ ನಡುಗಿತು. ಲೆಡನ್‌ಹಾಲ್ ಸ್ಟ್ರೀಟಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ 1808ರಿಂದ ಟಿಪ್ಪುವಿನ ಹುಲಿಯನ್ನು ಪ್ರದರ್ಶನಕ್ಕಿಟ್ಟಿದ್ದರು. ಹಿಡಿ ತಿರುಗಿಸಿದರೆ ಮರದ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದ ಬಿಳಿಯ ನರಳುತ್ತಾನೆ. ಲಂಡನ್ನಿನವರಿಗೆ ಅದು ಮೋಜು. ಶ್ರೀರಂಗಪಟ್ಟಣದ ಕೋಟೆಗೋಡೆ ಹತ್ತಿ ಕಾವೇರಿ ನೋಡಿದ ನನಗೆ ಅದನ್ನು ಬರೀ ಹಿನ್ನೆಲೆಯ ಚಿತ್ರವಾಗಿ ಬಿಡಲಾಗಲಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಲೂಟಿಯ ಹಣವನ್ನು ಸೈನ್ಯದಲ್ಲಿ ದರ್ಜೆ ನೋಡಿ ಹಂಚಿದ್ದರು. ನಾಯಕನ ಅಪ್ಪ ಅಂಥ ಪಾಲು ಪಡೆದವನು. ಹಿಡಿ ತಿರುಗಿಸುತ್ತಿದ್ದ ಮಗ ನಡುವೆ ಕೈ ಬಿಡುತ್ತಾನೆ. 'ನಾನು ಇಸ್ಪೀಟಿನಲ್ಲಿ ಕಳೆದದ್ದೆಲ್ಲ ಈ ಹುಲಿಯ ಊರಿನ ದುಡ್ಡು' ಅನ್ನುತ್ತಾನೆ. ಕಾದಂಬರಿಯಲ್ಲಿ ಅವನು ತಮಾಷೆ ಮಾಡದೆ ಆಡುವ ಮೊದಲ ಮಾತು ಅದು.

ಪ್ರೇಮ ನಿವೇದನೆಗೆ ತೋಟ, ಬೆಳದಿಂಗಳು ಬೇಡವಾಗಿತ್ತು. ಅವನು ವಕೀಲರು ಬರೆದ ಮದುವೆ ಕರಾರುಪತ್ರ ತಂದು ಮೇಜಿನ ಮೇಲಿಡುತ್ತಾನೆ. ತಾಯಿಯಿಂದ ಬಂದ 10,000 ಪೌಂಡ್, ನೂರಕ್ಕೆ ಮೂರರ ಸರ್ಕಾರಿ ಸಾಲಪತ್ರದಲ್ಲಿ. ಅದು ಟ್ರಸ್ಟಿಗಳ ಕೈಗೆ, ಬಡ್ಡಿ ಹೆಂಡತಿಯ ಸ್ವಂತಕ್ಕೆ, ಗಂಡ ಮುಟ್ಟುವ ಹಾಗಿಲ್ಲ. ಸಾಮಾನ್ಯ ಕಾನೂನು ಏನೇ ಇರಲಿ, ಚಾನ್ಸರಿ ಅನ್ನುವ ಬೇರೆ ಕೋರ್ಟು ಅಂಥ ಪತ್ರವನ್ನು ಎತ್ತಿಹಿಡಿಯುತ್ತಿತ್ತು. ವರ್ಷಕ್ಕೆ ಸರಿಯಾಗಿ 300 ಪೌಂಡ್.

'ಈ ಷರತ್ತುಗಳನ್ನು ಯಾರು ಹೇಳಿಕೊಟ್ಟರು?'

'ನೀವೇ. ಬೇರೆ ಹುಡುಗಿಯರಿಗೆ ನೀವು ಬರೆಸಿಕೊಟ್ಟದ್ದು. ಒಂದಕ್ಷರ ಬದಲಿಸಿಲ್ಲ.'

ಅವಳು ಪತ್ರವನ್ನು ಕೊನೆಯ ಸಾಲಿನವರೆಗೆ ಓದುತ್ತಾಳೆ. ಅಲ್ಲಿ ನಾನು ಅವಸರ ಮಾಡಲಿಲ್ಲ; ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನನ್ನು ನಿಲ್ಲಿಸಿಯೇ ಇಟ್ಟೆ.

ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ಗೆ ಓಡಿಹೋಗುವ ದೃಶ್ಯ ಹಾಕು ಅಂತ ಗೆಳತಿಯೊಬ್ಬಳು ದುಂಬಾಲು ಬಿದ್ದಳು. 1753ರ ಮದುವೆ ಕಾಯ್ದೆಯಲ್ಲಿ ಹಿರಿಯರ ಒಪ್ಪಿಗೆಯ ತೊಡಕು ಇದ್ದದ್ದು 21 ತುಂಬದವರಿಗೆ, ಇವರಿಬ್ಬರೂ ಯಾಕೆ ಓಡಬೇಕು? ಶ್ರೀಮಂತರು ಸಾಮಾನ್ಯವಾಗಿ ಲೈಸೆನ್ಸ್ ಪಡೆದು ಸದ್ದಿಲ್ಲದೆ ಮದುವೆಯಾಗುತ್ತಿದ್ದರು. ನಾಯಕಿ ಅದನ್ನೂ ಬೇಡ ಅನ್ನುತ್ತಾಳೆ. ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಕೂಗಿಸಿ, ತಕರಾರಿದ್ದವರು ಎಲ್ಲರ ಎದುರು ಹೇಳಲಿ ಅನ್ನುತ್ತಾಳೆ. ಅವನು ಒಪ್ಪುತ್ತಾನೆ, ಮೂರು ವಾರವೂ ಹಾಜರಿರುತ್ತಾನೆ. ತಕರಾರು ತೆಗೆಯಲು ಬಂದವನು ಎರಡನೇ ಭಾನುವಾರ ಏನು ಹೇಳಿದ ಅನ್ನುವುದನ್ನು ಓದುಗರಿಗೇ ಬಿಟ್ಟಿದ್ದೇನೆ.