ಕ್ಯಾನ್ವಾಸ್ ಮೇಲೆ ಬಣ್ಣ ತೇಲಬೇಕೇ? ನೆರಳಿಗೆ ಸಮಯ ಕೊಡಿ

1970ರ ದಶಕದಲ್ಲಿ ಅಮೆರಿಕದ ಜೇಮ್ಸ್ ಹವಾರ್ಡ್ ಮತ್ತು ಇನ್ನು ಕೆಲವರು ಬಿಡಿಸಿದ ಅಮೂರ್ತ ಚಿತ್ರಗಳಲ್ಲಿ ಬಣ್ಣದ ಪಟ್ಟೆಗಳು ಕ್ಯಾನ್ವಾಸ್ ಬಿಟ್ಟು ಮೇಲೆದ್ದಂತೆ ಕಾಣುತ್ತವೆ. ಈ ಶೈಲಿಗೆ ಅಬ್‌ಸ್ಟ್ರಾಕ್ಟ್ ಇಲ್ಯೂಷನಿಸಂ ಎಂದು ಹೆಸರು. ಪಟ್ಟೆಯನ್ನು ಎತ್ತಿ ಹಿಡಿಯುವುದು ಅದರ ಕೆಳಗಿನ ನೆರಳು. ನಮ್ಮಲ್ಲಿ ಕಲಿಯುವವರು ಪಟ್ಟೆಗೆ ಇಡೀ ದಿನ ಕೊಟ್ಟು, ನೆರಳಿಗೆ ಸುಮ್ನೆ ಕಪ್ಪು ಬಳಿದುಬಿಡುತ್ತಾರೆ. ಚಿತ್ರ ಅಲ್ಲೇ ಕೆಡುತ್ತದೆ.

ಅಕ್ರಿಲಿಕ್ ಬಣ್ಣವನ್ನೇ ತನ್ನಿ. ಪೋಸ್ಟರ್ ಕಲರ್ ಬೇಡವೇ ಬೇಡ. ಎರಡನೇ ಕೋಟಿನ ನೀರು ತಾಗಿದರೆ ಮೊದಲನೆಯದು ಕರಗಿ ಎದ್ದು ಬರುತ್ತದೆ.

ಕ್ಯಾನ್ವಾಸ್ ಬೋರ್ಡಿನ ಹಿನ್ನೆಲೆಗೆ ಬಿಳಿ ಬೆರೆಸಿದ ಕೆಮ್ಮಣ್ಣಿನ ಬಣ್ಣ ಎರಡು ಕೋಟು ಹಚ್ಚಿ, ಒಣಗಿಸಿ.

ಈಗ ನೆರಳು. ಅಡಿಕೆ ಹಾಳೆಯ ಒಂದು ಸೀಳನ್ನು, ಒಂದು ತುದಿ ಮೇಲಕ್ಕೆ ಬಾಗಿರುವಂಥದ್ದನ್ನು, ಬೋರ್ಡಿನ ಮೇಲಿಡಿ. ಮಲೆನಾಡಿನ ಮಳೆಗಾಲದಲ್ಲಿ ಮೋಡದ ಬೆಳಕಿಗೆ ನೆರಳು ಸರಿಯಾಗಿ ಬೀಳುವುದಿಲ್ಲ. ಟ್ಯೂಬ್‌ಲೈಟ್ ಆರಿಸಿ, ಎಡಗಡೆ ಮೇಲೆ ಒಂದೇ ಟೇಬಲ್ ಲ್ಯಾಂಪ್ ಇಡಿ. ಹಾಳೆ ಬೋರ್ಡಿಗೆ ತಾಗಿದ ಕಡೆ ನೆರಳು ಕಿರಿದು, ಗಾಢ, ಅಂಚು ಚೂಪು. ಎದ್ದ ಕಡೆ ನೆರಳು ದೂರ ಸರಿಯುತ್ತದೆ, ತೆಳುವಾಗುತ್ತದೆ, ಅಂಚು ಮಸುಕಾಗುತ್ತದೆ. ಇದನ್ನೇ ಬಿಡಿಸಬೇಕು.

ಟ್ರೇಸಿಂಗ್ ಪೇಪರಿನಲ್ಲಿ ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಹೋಗುವ ಪಟ್ಟೆ ಬರೆದು, ಬೋರ್ಡಿಗೆ ಇಳಿಸಿ. ಆಮೇಲೆ ಪೇಪರಿನ ಕೆಳತುದಿಯನ್ನು ಬೆರಳಿನಿಂದ ಒತ್ತಿ, ಮೇಲ್ತುದಿಯನ್ನು ಬಲಕ್ಕೆ ಸ್ವಲ್ಪ ತಿರುಗಿಸಿ, ಇನ್ನೊಮ್ಮೆ ಇಳಿಸಿ. ನೆರಳಿನ ಜಾಗ ತಾನಾಗಿ ಸಿಗುತ್ತದೆ. ಕೆಳಗೆ ಒಂದೆರಡು ಮಿಲಿಮೀಟರ್, ಮೇಲೆ ಒಂದೂವರೆ ಸೆಂಟಿಮೀಟರ್ ಅಂತರ ಸಾಕು.

ನೆರಳಿಗೆ ಕಪ್ಪು ಮುಟ್ಟಬೇಡಿ. ಹಿನ್ನೆಲೆಯ ಬಣ್ಣಕ್ಕೇ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್ ಎಂಬ ಕಡುಕಂದು ಸೇರಿಸಿ. ತೆಳು ಮಾಡಲು ಗ್ಲೇಜಿಂಗ್ ಮೀಡಿಯಂ (ಅಕ್ರಿಲಿಕ್ ಬಣ್ಣವನ್ನು ಪಾರದರ್ಶಕ ಮಾಡುವ ದ್ರವ) ಬಳಸಿ. ನೀರು ಜಾಸ್ತಿಯಾದರೆ ಬಣ್ಣ ಬೋರ್ಡಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಮೂರು ತೆಳು ಕೋಟು ಕೊಡಿ. ಪ್ರತಿ ಸಲ ಹಸಿ ಇರುವಾಗಲೇ, ಎದ್ದ ತುದಿಯ ಅಂಚನ್ನು ಒಣ ಮೆತ್ತನೆ ಬ್ರಷ್ಷಿನಿಂದ ತಟ್ಟಿ ಮಸುಕು ಮಾಡಿ. ಆಗುಂಬೆ, ತೀರ್ಥಹಳ್ಳಿ ಕಡೆಯ ಜುಲೈ ತಿಂಗಳಲ್ಲಿ ಒಣಗುವುದು ನಿಧಾನ. ಕಾಯಿರಿ, ಇಲ್ಲವೇ ಹೇರ್ ಡ್ರೈಯರ್ ದೂರದಿಂದ ಹಿಡಿಯಿರಿ. ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೊಳ್ಳಲೇಬೇಕು ಅನ್ನುವವರ ಮಾತು ಕೇಳಬೇಡಿ.

ನಂತರ ಪಟ್ಟೆ. ಚಪ್ಪಟೆ ಬ್ರಷ್ಷಿಗೆ ದಪ್ಪ ಬಣ್ಣ ತುಂಬಿ ಒಂದೇ ಎಳೆತ. ಒಣಗಿದ ಮೇಲೆ ಬೆಳಕಿನ ಕಡೆಯ ಅಂಚಿಗೆ ತಿಳಿ ಗೆರೆ, ಎದುರಿನ ಅಂಚಿಗೆ ಗಾಢ ಗೆರೆ.

ಎರಡನೇ ಪಟ್ಟೆ ಮೊದಲನೆಯದನ್ನು ದಾಟಿದರೆ, ಅದರ ನೆರಳು ಹಿನ್ನೆಲೆಯ ಮೇಲೂ ಮೊದಲ ಪಟ್ಟೆಯ ಮೇಲೂ ಬೀಳಬೇಕು. ಪಟ್ಟೆಯ ಮೇಲೆ ಬೀಳುವಾಗ ಅಂತರ ಕಡಿಮೆ, ಯಾಕೆಂದರೆ ಅದು ಹತ್ತಿರ ಇದೆ ಅಲ್ವಾ! ಅಲ್ಲಿ ನೆರಳಿನ ಬಣ್ಣವನ್ನು ಆ ಪಟ್ಟೆಯ ಬಣ್ಣದಿಂದಲೇ ಮಾಡಿ. ನೆರಳು ನೇರವಾಗಿ ಒಂದೇ ಸಮ ಹಾಯ್ದರೆ ಎರಡೂ ಪಟ್ಟೆ ಬೋರ್ಡಿಗೆ ಅಂಟಿಕೊಂಡಂತೆ ಕಾಣುತ್ತವೆ.

ಕೊನೆಗೆ ಮ್ಯಾಟ್ ವಾರ್ನಿಷ್ ಹಚ್ಚಿ. ಹೊಳೆಯುವ ವಾರ್ನಿಷ್ ಕೋಣೆಯ ಬೆಳಕನ್ನೆಲ್ಲ ಪ್ರತಿಫಲಿಸಿ, ನೀವು ಬಿಡಿಸಿದ ನೆರಳನ್ನು ನುಂಗಿಬಿಡುತ್ತದೆ.