ಸಿಂಕ್ ಮತ್ತೆ ಮತ್ತೆ ಕಟ್ಟಿಕೊಂಡರೆ: ಅಮೆರಿಕಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಊರಿನ ಎಷ್ಟೋ ಮನೆಗಳಲ್ಲಿ ಅಡುಗೆಮನೆ ನೀರು ನಾಲ್ಕು ಹೆಜ್ಜೆ ದಾಟುವಷ್ಟರಲ್ಲಿ ಹೊರಗಿನ ಚೇಂಬರಿಗೆ ಬೀಳುತ್ತದೆ. ಕಟ್ಟಿಕೊಂಡರೆ ಮುಚ್ಚಳ ಎತ್ತಿ ಬಿದಿರು ಸೀಳು ಆಡಿಸಿದರೆ ಆಯಿತು. ಇಲ್ಲಿ ಅದೇ ನೀರು 1½ ಅಥವಾ 2 ಇಂಚಿನ ಪೈಪಿನಲ್ಲಿ ಗೋಡೆಯೊಳಗೆ ಇಳಿದು, ನೆಲದಡಿ ಬಹುದೂರ ಸಾಗಿ, ಆಮೇಲೆ ದೊಡ್ಡ ಪೈಪು ಸೇರುತ್ತದೆ. ಬೇಸ್‌ಮೆಂಟಿನಲ್ಲಿ ಹಾದುಹೋಗುವ ಪೈಪು ಚಳಿಗಾಲದಲ್ಲಿ ತಣ್ಣಗಿರುತ್ತದೆ. ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ತುಪ್ಪ ಅದಕ್ಕೂ ಮೊದಲೇ. ಆ ಜಿಡ್ಡಿಗೆ ದೋಸೆ ಹಿಟ್ಟು, ಅನ್ನದ ಗಂಜಿ, ಹುಳಿಯ ತಳದ ಬೇಳೆ ಅಂಟುತ್ತಾ ಹೋಗುತ್ತದೆ.

ಒಮ್ಮೆ ಕಟ್ಟಿಕೊಂಡದ್ದು ತಿಂಗಳೊಳಗೆ ಮತ್ತೆ ಕಟ್ಟಿಕೊಂಡರೆ, ಹೋದ ಸಲ ನೀವು ಜಿಡ್ಡು ತೆಗೆದಿಲ್ಲ, ಅದರ ನಡುವೆ ಬೆರಳು ಗಾತ್ರದ ತೂತು ಮಾಡಿದ್ದೀರಿ ಅಷ್ಟೇ. ಅಂಗಡಿಯಲ್ಲಿ ಸಿಗುವ ಡ್ರೈನ್ ಕ್ಲೀನರ್ ಮಾಡುವುದೂ ಬಹಳ ಸಲ ಇಷ್ಟೇ. ಅದರಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡ. ನೀರು ಇಳಿಯದೆ ನಿಂತರೆ ಅದೂ ಅಲ್ಲೇ ನಿಲ್ಲುತ್ತದೆ. ಆಮೇಲೆ ಪೈಪು ಬಿಚ್ಚುವವರ ಕೈ, ಕಣ್ಣು ಸುಡುತ್ತದೆ. ಸುರಿದಿದ್ದರೆ ಪ್ಲಂಬರ್‌ಗೆ ಮೊದಲೇ ಹೇಳಿ. ಬೇರೆ ಬ್ರ್ಯಾಂಡಿನ ಕ್ಲೀನರನ್ನಾಗಲಿ ಬ್ಲೀಚನ್ನಾಗಲಿ ಅದರ ಮೇಲೆ ಹಾಕಲೇಬೇಡಿ. ಅಡಿಗೆ ಸೋಡ ಮತ್ತು ವಿನಿಗರ್ ನೊರೆ ನೋಡಲು ಚೆನ್ನ, ಜಿಡ್ಡಿಗೆ ಏನೂ ಆಗುವುದಿಲ್ಲ. ಕುದಿಯುವ ನೀರೂ ಬೇಡ: ಬಿಳಿ ಪಿವಿಸಿ ಪೈಪು ತಡೆಯುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ವರೆಗೆ. ನಲ್ಲಿಯ ಬಿಸಿನೀರು ಸಾಕು. ಆದರೆ ಅದೂ ಜಿಡ್ಡನ್ನು ಕರಗಿಸಿ ಮುಂದಕ್ಕೆ ದಾಟಿಸುತ್ತದೆ ಅಷ್ಟೇ, ಮುಂದೆಲ್ಲೋ ಅದು ಮತ್ತೆ ಗಟ್ಟಿಯಾಗುತ್ತದೆ.

ಹಾಗಾಗಿ ಜಿಡ್ಡು ಸಿಂಕಿಗೆ ಇಳಿಯದಂತೆ ನೋಡಿಕೊಳ್ಳುವುದೇ ಸುಲಭ. ಒಗ್ಗರಣೆ ಸೌಟು, ತುಪ್ಪದ ಬಾಣಲೆಯನ್ನು ತೊಳೆಯುವ ಮೊದಲು ಪೇಪರ್ ಟವೆಲ್‌ನಲ್ಲಿ ಒರೆಸಿ ಕಸಕ್ಕೆ ಹಾಕಿ. ಚಕ್ಕುಲಿ ಕರಿದ ಎಣ್ಣೆ ಆರಿದ ಮೇಲೆ ಹಳೆಯ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು ಕಸಕ್ಕೆ. ದೋಸೆ ಹಿಟ್ಟಿನ ಪಾತ್ರೆಯನ್ನು ರಬ್ಬರ್ ಸೌಟಿನಲ್ಲಿ ಕೆರೆದು ಆಮೇಲೆ ತೊಳೆಯಿರಿ. ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಇಡಿ.

ಸಿಂಕಿನ ಅಡಿ ಕಸ ಅರೆಯಲು ಕೂರಿಸಿರುವ ಯಂತ್ರ, ಗಾರ್ಬೇಜ್ ಡಿಸ್ಪೋಸಲ್, ಮಿಕ್ಸಿಯಲ್ಲ. ಅದರಲ್ಲಿ ಬ್ಲೇಡೇ ಇಲ್ಲ. ಮೊಂಡು ಲೋಹದ ತುಂಡುಗಳು ತಿರುಗಿ ಕಸವನ್ನು ಅಂಚಿಗೆ ಉಜ್ಜುತ್ತವೆ. ತೆಂಗಿನ ನಾರು, ನುಗ್ಗೆಕಾಯಿ ಸಿಪ್ಪೆ, ದಂಟಿನ ಸೊಪ್ಪಿನ ಕಡ್ಡಿ, ಬಾಳೆಹಣ್ಣಿನ ಸಿಪ್ಪೆ ಅದಕ್ಕೆ ಸುತ್ತಿಕೊಳ್ಳುತ್ತವೆ. ಅನ್ನ ಪೈಪಿನೊಳಗೆ ಅಂಟಾಗುತ್ತದೆ. ತಿರುಗದೆ ಬರೀ ಗುಂಯ್‌ಗುಡುತ್ತಿದ್ದರೆ ತಕ್ಷಣ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಅಡಿಯ ನಡುವಿನ ತೂತಿಗೆ ¼ ಇಂಚಿನ ಅಲೆನ್ ಕೀ (ಆರು ಮೂಲೆಯ ಬಾಗಿದ ಕಡ್ಡಿ) ಹಾಕಿ ಎರಡೂ ಕಡೆ ತಿರುಗಿಸಿ. ಸಿಕ್ಕಿದ್ದನ್ನು ಇಕ್ಕಳದಲ್ಲಿ ಎತ್ತಿ, ಕೈ ಹಾಕಬೇಡಿ. ಆಮೇಲೆ ಅಡಿಯ ಕೆಂಪು ಗುಂಡಿ ಒತ್ತಿ.

ನೀರು ನಿಂತಾಗ ಮೊದಲು ಪ್ಲಂಜರ್, ಅಂದರೆ ಕೋಲಿನ ತುದಿಗೆ ರಬ್ಬರ್ ಬಟ್ಟಲಿರುವ ಸಾಧನ. ಜೋಡಿ ಸಿಂಕಾದರೆ ಪಕ್ಕದ ಬಾಯಿಯನ್ನು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಇಲ್ಲದಿದ್ದರೆ ಒತ್ತಡವೆಲ್ಲ ಅಲ್ಲೇ ಹೋಗುತ್ತದೆ. ಡಿಶ್‌ವಾಶರ್ ಪೈಪನ್ನು ಕ್ಲಾಂಪಿನಿಂದ ಹಿಸುಕಿ. ಪ್ಲಂಜರ್ ಬಟ್ಟಲು ಮುಳುಗುವಷ್ಟು ನೀರಿರಲಿ, 15–20 ಸಲ ಒತ್ತಿ.

ಜಗ್ಗದಿದ್ದರೆ ಪಿ-ಟ್ರ್ಯಾಪ್ ಬಿಚ್ಚಿ. ಸಿಂಕಿನ ಅಡಿ ಬಾಗಿರುವ ಪೈಪು ಅದು; ಅಲ್ಲಿ ನಿಂತ ನೀರೇ ಗಟಾರದ ವಾಸನೆ ತಡೆಯುವುದು. ಕೆಳಗೆ ಬಕೆಟ್ ಇಟ್ಟು, ಎರಡೂ ನಟ್ಟುಗಳನ್ನು ಎಡಕ್ಕೆ ತಿರುಗಿಸಿ. ವಾಷರ್‌ಗಳನ್ನು ಕಳಚುವ ಮೊದಲು ಅವು ಕೂತಿರುವ ರೀತಿಯ ಫೋಟೋ ತೆಗೆದುಕೊಳ್ಳಿ: ಇಳಿಜಾರಿನ ಬದಿ ಕೂಡುವ ಕಡೆಗೇ ಇರಬೇಕು, ತಿರುಗುಮುರುಗಾದರೆ ಸೋರುತ್ತದೆ. ಟ್ರ್ಯಾಪನ್ನು ಹೊರಗೆ ಅಥವಾ ಬೇರೆ ಸಿಂಕಿನಲ್ಲಿ ತೊಳೆಯಿರಿ. ಬಕೆಟ್ಟಿನ ನೀರನ್ನು ಅಭ್ಯಾಸಬಲದಿಂದ ಅದೇ ಸಿಂಕಿಗೆ ಸುರಿದು ಕಾಲು ತೊಳೆದುಕೊಂಡವರು ಬಹಳ ಜನ! ಟ್ರ್ಯಾಪಿನಲ್ಲಿ ಕಸ ಕಟ್ಟಿರದಿದ್ದರೆ ಅಡಚಣೆ ಗೋಡೆಯೊಳಗಿದೆ. ಗೋಡೆಯ ಪೈಪಿಗೆ ¼ ಇಂಚು ದಪ್ಪ, 25 ಅಡಿ ಉದ್ದದ ಡ್ರಮ್ ಸ್ನೇಕ್ (ಡಬ್ಬಿಯೊಳಗೆ ಸುತ್ತಿಟ್ಟ ಬಾಗುವ ಲೋಹದ ತಂತಿ) ಬಿಟ್ಟು ಬಲಕ್ಕೆ ತಿರುಗಿಸುತ್ತಾ ಹೋಗಿ. ಡಿಸ್ಪೋಸಲ್ ಮೂಲಕ ಬಿಡಬೇಡಿ. ತಡೆ ಸಿಕ್ಕಾಗ ನಾಲ್ಕೈದು ಸಲ ಹಿಂದೆಮುಂದೆ ಎಳೆದಾಡಿ. ಒಂದೇ ಸಲ ತೂರಿಸಿ ತೆಗೆದರೆ ಆ ಬೆರಳು ಗಾತ್ರದ ತೂತಷ್ಟೇ ಉಳಿಯುತ್ತದೆ. ಟ್ರ್ಯಾಪ್ ಮತ್ತೆ ಜೋಡಿಸಿ ನಟ್ಟು ಕೈಯಲ್ಲಿ ಬಿಗಿದು, ಕಾಲು ಸುತ್ತು ಹೆಚ್ಚು ತಿರುಗಿಸಿ. ಸಿಂಕ್ ತುಂಬಿಸಿ ಒಟ್ಟಿಗೆ ನೀರು ಬಿಟ್ಟು, ಕೂಡುವ ಜಾಗಗಳಿಗೆ ಒಣ ಕಾಗದ ಒತ್ತಿ ನೋಡಿ.

ಬಚ್ಚಲಿನಲ್ಲಿ ಕಟ್ಟುವುದು ಎಣ್ಣೆ ಹಚ್ಚಿದ ಕೂದಲು. ಮುಳ್ಳಿನ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ ಇಳಿಸಿ ಮೇಲೆಳೆಯಿರಿ, ಸಾಕು. ಟಾಯ್ಲೆಟ್ಟಿಗೆ ‘ಫ್ಲಶ್ ಮಾಡಬಹುದು’ ಎಂದು ಬರೆದಿರುವ ಒದ್ದೆ ವೈಪ್ಸ್ ಕೂಡ ಹಾಕಬೇಡಿ.

ಬಾಡಿಗೆ ಮನೆಯಾದರೆ ಪ್ಲಂಜರ್‌ವರೆಗೆ ನಿಮ್ಮ ಕೆಲಸ. ಪೈಪು ಬಿಚ್ಚುವ ಬದಲು ಮನೆ ಬಾಡಿಗೆಗೆ ಕೊಟ್ಟವರ ಆಫೀಸಿಗೆ ಲಿಖಿತವಾಗಿ ದೂರು ಕೊಡಿ, ಪ್ರತಿ ಸಲದ ತಾರೀಖೂ ಹಾಕಿ. ನೀವು ನಲ್ಲಿ ಬಿಡದಿರುವಾಗಲೂ ಸಿಂಕಿನಲ್ಲಿ ಕೊಳೆನೀರು ಮೇಲೇರಿದರೆ, ಮೇಲಿನ ಮನೆಯವರ ನೀರು ಅದು. ಅಡಚಣೆ ಎಲ್ಲರಿಗೂ ಸೇರಿದ ಪೈಪಿನಲ್ಲಿದೆ. ವೀಡಿಯೊ ತೆಗೆದಿಟ್ಟುಕೊಳ್ಳಿ, ಖರ್ಚು ಯಾರದ್ದೆಂಬ ಮಾತು ಬಂದಾಗ ಬೇಕಾಗುತ್ತದೆ.

ಸ್ವಂತ ಮನೆಯಲ್ಲಿ ಟಾಯ್ಲೆಟ್ ಫ್ಲಶ್ ಮಾಡಿದಾಗ ಟಬ್ಬಿನಲ್ಲಿ ನೀರು ಏರಿದರೆ ಮುಖ್ಯ ಪೈಪೇ ಕಟ್ಟಿದೆ ಎಂದರ್ಥ. ಎಲ್ಲ ನಲ್ಲಿ, ವಾಷಿಂಗ್ ಮಶೀನ್ ನಿಲ್ಲಿಸಿ ಪ್ಲಂಬರ್‌ನನ್ನು ಕರೆಯಿರಿ. ಕ್ಲೀನ್‌ಔಟ್ ಎಲ್ಲಿದೆ ಎಂದು ಅವರು ಕೇಳುತ್ತಾರೆ: 3–4 ಇಂಚಿನ ಮುಚ್ಚಳವಿರುವ ಪೈಪು, ಬೇಸ್‌ಮೆಂಟಿನಲ್ಲೋ ಅಂಗಳದಲ್ಲೋ ಇರುತ್ತದೆ, ಹುಡುಕಿಟ್ಟುಕೊಳ್ಳಿ. ಮುಚ್ಚಳ ಮಾತ್ರ ನೀವು ತೆರೆಯಬೇಡಿ, ಹಿಂದೆ ನಿಂತ ಕೊಳೆನೀರೆಲ್ಲ ಒಮ್ಮೆಲೇ ನುಗ್ಗುತ್ತದೆ. ಹಳೆಯ ಮನೆಗಳ ಮಣ್ಣಿನ ಪೈಪಿನ ಸಂದಿಗಳಲ್ಲಿ ಮರದ ಬೇರು ನುಗ್ಗಿರುವುದು ಸಾಮಾನ್ಯ, ಆದ್ದರಿಂದ ಎರಡನೇ ಸಲ ಕಟ್ಟಿದರೆ ಕ್ಯಾಮರಾ ಬಿಟ್ಟು ತೋರಿಸಲು ಕೇಳಿ. ಹಿಂದಕ್ಕೆ ಉಕ್ಕಿದ ಕೊಳೆನೀರಿನ ನಷ್ಟವನ್ನು ಮಾಮೂಲಿ ಮನೆ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಸೂವರ್ ಬ್ಯಾಕಪ್ ಎಂಬ ಹೆಚ್ಚುವರಿ ರಕ್ಷಣೆ ನಿಮ್ಮ ಪಾಲಿಸಿಯಲ್ಲಿದೆಯೇ ಎಂದು ಏಜೆಂಟ್ ಹತ್ತಿರ ಈ ವಾರವೇ ಕೇಳಿಟ್ಟುಕೊಳ್ಳಿ.