ಬಂಡೆ ಕೊಲ್ಲಿಯ ಡೈವ್: ಮೊದಲು ಸುಮ್ನೆ ಕೂತು ಅಲೆ ನೋಡಿ

‘ಬರೀ 6 ಮೀಟರ್ ಆಳ ತಾನೇ?’ ಸ್ಕೂಬಾ ಕಲಿತ ಹೊಸತರಲ್ಲಿ ಬಹಳ ಜನ ಹೀಗೆ ಕೇಳುತ್ತಾರೆ. ನಾನೂ ಕೇಳಿದ್ದೆ. ಬಂಡೆಗಳ ನಡುವಿನ ಪುಟ್ಟ ಕೊಲ್ಲಿ ದಡದಿಂದ ನೋಡಿದರೆ ಕೆರೆಯಂತೆ ಕಾಣುತ್ತದೆ. ದೋಣಿ ಬೇಡ, ಆಳದ ಭಯವಿಲ್ಲ, ನಡೆದು ಹೋಗಿ ಮುಳುಗಿದರಾಯಿತು ಅನಿಸುತ್ತದೆ. ಆದರೆ ಇಂಥ ಜಾಗದಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಇಳಿಯುವಾಗ, ಇಲ್ಲವೇ ಹತ್ತುವಾಗ. ಬೆನ್ನ ಮೇಲೆ ಸಿಲಿಂಡರ್, ಸೊಂಟಮಟ್ಟ ನೀರು, ನೀವು ಒಂಟಿ ಕಾಲಲ್ಲಿ. ಅಷ್ಟು ಸಾಕು.

ತರಬೇತಿ ಮುಗಿಸಿ ಸರ್ಟಿಫಿಕೇಟ್ ಪಡೆದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಳಿದವರು ಬೋಧಕರ ಜೊತೆಗೇ ಇಳಿಯಬೇಕು. ಆಳ ಕಡಿಮೆ ಎಂಬುದು ಇದಕ್ಕೆ ವಿನಾಯಿತಿಯಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ದಡದಲ್ಲಿ 20 ನಿಮಿಷ

ವೆಟ್‌ಸೂಟ್ ಹಾಕುವ ಮೊದಲು ಎತ್ತರದ ಬಂಡೆಯೊಂದರ ಮೇಲೆ ಕೂತು ಕಡಲು ನೋಡಿ. ಅಲೆಗಳು ಒಂದೇ ಸಮ ಬರುವುದಿಲ್ಲ. ಸ್ವಲ್ಪ ಹೊತ್ತು ಸಣ್ಣವು, ಆಮೇಲೆ ಒಂದರ ಹಿಂದೊಂದು ನಾಲ್ಕೈದು ದೊಡ್ಡವು, ಮತ್ತೆ ಬಿಡುವು. ಐದು ನಿಮಿಷ ನೋಡಿ ‘ಶಾಂತವಾಗಿದೆ’ ಅಂತ ಇಳಿದವರು ಆ ಬಿಡುವನ್ನಷ್ಟೇ ನೋಡಿರುತ್ತಾರೆ.

ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು ಎಂದು ಎಣಿಸಿ. ಅಲೆಯ ಎತ್ತರಕ್ಕಿಂತ ಈ ಲೆಕ್ಕವೇ ನನಗೆ ಮುಖ್ಯ. 8 ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ತೆರೆದ ಕಡಲಿನಲ್ಲಿ ಸುಮಾರು 100 ಮೀಟರ್. ಅಲೆಯ ಎಳೆತ ಅದರ ಉದ್ದದ ಅರ್ಧದಷ್ಟು ಆಳಕ್ಕೂ ತಲುಪುತ್ತದೆ, ಅಂದರೆ 50 ಮೀಟರ್‌ವರೆಗೆ. ಹಾಗಿರುವಾಗ 6 ಮೀಟರ್ ತಳದಲ್ಲಿ ಅಡಗಿ ಕೂರಲು ಜಾಗವೇ ಇಲ್ಲ. ಮೇಲೆ ಬರೀ ಮೊಣಕಾಲೆತ್ತರದ ಅಲೆ ಕಾಣುತ್ತಿದ್ದರೂ ಕೆಳಗೆ ನಿಮ್ಮನ್ನು ತೊಟ್ಟಿಲಂತೆ ತೂಗುತ್ತದೆ.

ಬಂಡೆಗಳು ಎಲ್ಲಿಯವರೆಗೆ ಒದ್ದೆಯಾಗಿವೆ ನೋಡಿ. ದೊಡ್ಡ ಅಲೆ ಎಲ್ಲಿಯವರೆಗೆ ಏರಿತ್ತು ಎಂಬುದಕ್ಕೆ ಅದೇ ಸಾಕ್ಷಿ. ನೊರೆ ಯಾವ ಕಡೆಯಿಂದ ಹೊರಗೆ ಹರಿಯುತ್ತಿದೆ ಎಂಬುದನ್ನೂ ಗುರುತಿಸಿ. ನೀರು ಕಡಲಿಗೆ ಮರಳುವ ದಾರಿ ಅದು. ಹತ್ತಲು ಒಂದಲ್ಲ, ಎರಡು ಜಾಗ ಆರಿಸಿಕೊಳ್ಳಿ. ಉಬ್ಬರ ತುಂಬಿ ನೀರು ನಿಂತಂತಿರುವ ಹೊತ್ತು ಸಾಮಾನ್ಯವಾಗಿ ಒಳ್ಳೆಯದು. ಇಳಿತ ಶುರುವಾದ ಮೇಲೆ ನೀವು ಈಜಿ ಬಂದ ದಾರಿಯಲ್ಲೇ ಪಾಚಿ ಕಟ್ಟಿದ ಬಂಡೆಗಳು ತಲೆ ಎತ್ತಿರಬಹುದು. ಜೋರು ಮಳೆ ಸುರಿದಿದ್ದರೆ ಒಂದೆರಡು ದಿನ ಬಿಡಿ. ಕೆಂಪು ನೀರಿನಲ್ಲಿ ಏನೂ ಕಾಣುವುದಿಲ್ಲ.

ಮನಸ್ಸಿಗೆ ಸರಿ ಬರಲಿಲ್ಲವೇ? ಮನೆಗೆ ಹೋಗಿ. ಇದನ್ನು ಹೇಳುವುದು ಸುಲಭ, ಸಿಲಿಂಡರ್ ಹೊತ್ತು ತಂದ ಮೇಲೆ ಮಾಡುವುದು ಕಷ್ಟ. ಅದಕ್ಕೇ ಕಾರಿನಿಂದ ಸಾಮಾನು ಇಳಿಸುವ ಮೊದಲೇ ಕಡಲು ನೋಡಬೇಕು.

ತೂಕದ ಲೆಕ್ಕ

12 ಲೀಟರ್ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯೇ ಸುಮಾರು 3 ಕಿಲೋ ತೂಗುತ್ತದೆ. 50 ಬಾರ್‌ಗೆ ಬರುವಷ್ಟರಲ್ಲಿ ಅದರಲ್ಲಿ 2 ಕಿಲೋಗಿಂತ ಜಾಸ್ತಿ ಖಾಲಿ. ಮುಳುಗಲೆಂದು ಕಟ್ಟಿಕೊಂಡ ಸೀಸದ ತೂಕ ಇಳಿಯುವಾಗ ಸರಿಯಿದ್ದರೂ ಹತ್ತುವಾಗ ಸಾಲುವುದಿಲ್ಲ. ಅಲೆ ಒಡೆಯುವ ಜಾಗದಲ್ಲೇ ನೀವು ಬೆಂಡಿನಂತೆ ತೇಲಿಬಿಡುತ್ತೀರಿ. ಹಾಗಾಗಿ ಹೊಸ ಜಾಗಕ್ಕೆ ಹೋಗುವ ಮೊದಲೇ, ಶಾಂತ ನೀರಿನಲ್ಲಿ, ಹೆಚ್ಚು ಕಡಿಮೆ ಖಾಲಿಯಾದ ಸಿಲಿಂಡರ್ ಇಟ್ಟುಕೊಂಡು 3 ಮೀಟರ್‌ನಲ್ಲಿ ನಿಲ್ಲಲು ಆಗುತ್ತದೆಯೇ ಎಂದು ಪರೀಕ್ಷಿಸಿ.

ಇಳಿಯುವುದು

ಜೊತೆಗಾರರ ಸಾಮಾನನ್ನು ನೀವು, ನಿಮ್ಮದನ್ನು ಅವರು ಒಣ ನೆಲದಲ್ಲೇ ಪರೀಕ್ಷಿಸಿ. ವಾಲ್ವ್ ಪೂರ್ತಿ ತೆರೆದಿದೆಯೇ, ಬಕಲ್ ಬಿಗಿಯಿದೆಯೇ, ಎರಡೂ ರೆಗ್ಯುಲೇಟರ್‌ನಲ್ಲಿ ಉಸಿರು ಬರುತ್ತಿದೆಯೇ. ನೀರಿಗೆ ಕಾಲಿಡುವ ಮೊದಲೇ ಮಾಸ್ಕ್ ಕಣ್ಣಿಗೆ, ರೆಗ್ಯುಲೇಟರ್ ಬಾಯಿಗೆ. ಬಿಸಿಡಿಯಲ್ಲಿ, ಅಂದರೆ ಗಾಳಿ ತುಂಬುವ ಜಾಕೆಟ್‌ನಲ್ಲಿ, ಸ್ವಲ್ಪ ಗಾಳಿ ಇರಲಿ. ಕಾಲು ಜಾರಿದರೂ ತೇಲುತ್ತೀರಿ, ಉಸಿರಾಡುತ್ತೀರಿ.

ಪಾದಕ್ಕೆ ಹಾಕುವ ಈಜುರೆಕ್ಕೆಗಳು, ಅಂದರೆ ಫಿನ್‌ಗಳು, ಕೈಯಲ್ಲಿ. ಮೊಣಕಾಲು ಸ್ವಲ್ಪ ಬಗ್ಗಿಸಿ, ಅಲೆಗೆ ಅಡ್ಡಲಾಗಿ, ಪಾದ ಎತ್ತದೆ ಜಾರಿಸುತ್ತಾ ನಡೆಯಿರಿ. ಕಡಲಿಗೆ ಪೂರ್ತಿ ಬೆನ್ನು ಹಾಕಬೇಡಿ. ದೊಡ್ಡ ಅಲೆಗಳ ಸಾಲು ಮುಗಿದ ತಕ್ಷಣ ಸೊಂಟಮಟ್ಟಕ್ಕೆ ಹೋಗಿ, ಒಬ್ಬರ ಭುಜ ಒಬ್ಬರು ಹಿಡಿದು ಫಿನ್ ಹಾಕಿಕೊಂಡು ಬೇಗ ಮುಂದೆ ಸಾಗಿ. ಅಲ್ಲೇ ನಿಂತು ಮಾತಾಡಬೇಡಿ.

ನೀರಿನಡಿಯಲ್ಲಿ

ಆಳ ಕಡಿಮೆ ಎಂಬುದು ಯಾಕೆ ವಿನಾಯಿತಿಯಲ್ಲ ಅಂತ ಈಗ ಹೇಳುತ್ತೇನೆ. 10 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲ್ಮೈಯಲ್ಲಿರುವುದರ 2 ಪಟ್ಟು, 20ರಲ್ಲಿ 3 ಪಟ್ಟು, 30ರಲ್ಲಿ 4 ಪಟ್ಟು. 30ರಿಂದ 20 ಮೀಟರ್‌ಗೆ ಬಂದರೆ ಎದೆಯೊಳಗಿನ ಗಾಳಿ ಮೂರನೇ ಒಂದು ಪಾಲು ಹಿಗ್ಗುತ್ತದೆ. ಅದೇ 10ರಿಂದ ಮೇಲಕ್ಕೆ ಬಂದರೆ ಎರಡು ಪಟ್ಟಾಗುತ್ತದೆ. ಬದಲಾವಣೆ ಜಾಸ್ತಿ ಇರುವುದು ಮೇಲಿನ ನೀರಿನಲ್ಲೇ. ಪುಪ್ಪುಸ ತುಂಬಾ ಗಾಳಿ ಎಳೆದು ಉಸಿರು ಕಟ್ಟಿದರೆ, ಒಂದು ಮೀಟರ್ ಚಿಲ್ಲರೆ ಮೇಲೆ ಬಂದರೂ ಅದಕ್ಕೆ ಹಾನಿಯಾಗಬಹುದು. ಅಲೆಯೊಂದು ಅಷ್ಟನ್ನು ಸುಮ್ನೆ ಎತ್ತಿಬಿಡುತ್ತದೆ, ಅಲ್ವಾ? ಉಸಿರು ನಿಲ್ಲಿಸಲೇಬೇಡಿ. ಕಿವಿಯೊಳಗಿನ ಒತ್ತಡವನ್ನೂ ಅಷ್ಟೇ, ನೋವು ಬರುವ ಮೊದಲೇ, ಮೊದಲ ಅರ್ಧ ಮೀಟರ್‌ನಿಂದಲೇ ಸರಿಮಾಡಿಕೊಳ್ಳುತ್ತಾ ಇಳಿಯಿರಿ.

ಎಳೆತದ ಜೊತೆ ಜಗಳ ಬೇಡ. ನೀರು ಮುಂದಕ್ಕೆ ತಳ್ಳಿದಾಗ ಫಿನ್ ಬೀಸಿ, ಹಿಂದಕ್ಕೆ ಎಳೆದಾಗ ಸುಮ್ಮನಿರಿ. ಬಂಡೆಯಿಂದ ಒಂದು ಮೀಟರ್ ದೂರವಿರಿ. ಮಾಸ್ಕ್‌ನಿಂದ ನೋಡುವಾಗ ವಸ್ತುಗಳು ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ದೂರದ ಅಂದಾಜು ತಪ್ಪುತ್ತದೆ.

ಬಂಡೆಯನ್ನು ಮುಟ್ಟದೆ ದೂರವಿರಿ ಅನ್ನುವುದಕ್ಕೆ ಇನ್ನೊಂದು ಕಾರಣ, ಅದು ಬಂಡೆಯೇ ಆಗಿರಬೇಕೆಂದಿಲ್ಲ. ಸ್ಕಾರ್ಪಿಯನ್ ಮೀನು ಪಾಚಿ ಹಿಡಿದ ಕಲ್ಲಿನಂತೆಯೇ ಕೂತಿರುತ್ತದೆ. ಅದರ ಬೆನ್ನಿನ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ತಾಳಬಹುದಾದಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಟ್ಟರೆ ನೋವು ತಗ್ಗುತ್ತದೆ. ಆಮೇಲೆ ವೈದ್ಯರ ಹತ್ತಿರ ಹೋಗಲೇಬೇಕು.

ಇಷ್ಟೆಲ್ಲ ಹೆದರಿಸಿದ ಮೇಲೂ ಹೇಳುತ್ತೇನೆ, ನನಗೆ ಆಳದ ಡೈವ್‌ಗಿಂತ ಇದೇ ಇಷ್ಟ. ಬೆಳಕಿದೆ, ಸಮಯವಿದೆ. ಟಾರ್ಚ್ ಹಿಡಿದು ಒಂದೇ ಕೊರಕಲಿನ ಮುಂದೆ ಹತ್ತು ನಿಮಿಷ ನಿಲ್ಲಿ. ಬಾಗಿಲಲ್ಲಿ ಏಡಿ ಚಿಪ್ಪು, ಕಪ್ಪೆಚಿಪ್ಪುಗಳ ರಾಶಿ ಬಿದ್ದಿದ್ದರೆ ಒಳಗೆ ಆಕ್ಟೋಪಸ್ ಇರುವ ಸಾಧ್ಯತೆ ಜಾಸ್ತಿ. ಉಂಡ ಮೇಲೆ ಕಸವನ್ನು ಹೊಸ್ತಿಲಲ್ಲೇ ಬಿಸಾಡುವ ಜಾತಿ ಅದು. ಹಾವಿನಂತೆ ಕಾಣುವ ಮೊರೆ ಈಲ್ ಮೀನು ಬಾಯಿ ತೆರೆದು ಮುಚ್ಚುತ್ತಿದ್ದರೆ ಗದರಿಸುತ್ತಿದೆ ಅಂದುಕೊಳ್ಳಬೇಡಿ. ಕಿವಿರಿಗೆ ನೀರು ಹಾಯಿಸಿ ಉಸಿರಾಡುತ್ತಿದೆ ಅಷ್ಟೆ. ಹಾಗಂತ ಬೆರಳು ಚಾಚಬೇಡಿ.

5 ಮೀಟರ್‌ನಲ್ಲಿ ಮೇಲಿಗಿಂತ ಒಂದೂವರೆ ಪಟ್ಟು ಗಾಳಿ ಖರ್ಚಾಗುತ್ತದೆ. ಮೇಲೆ ನಿಮಿಷಕ್ಕೆ 20 ಲೀಟರ್ ಬಳಸುವವರಿಗೆ ಅಲ್ಲಿ 30 ಲೀಟರ್ ಬೇಕು. 12 ಲೀಟರ್ ಸಿಲಿಂಡರ್ 200 ಬಾರ್‌ನಿಂದ 50ಕ್ಕೆ ಇಳಿಯಲು ಒಂದು ಗಂಟೆ. ಆದರೆ ಅಷ್ಟರೊಳಗೆ ಚಳಿ ಹಿಡಿದಿರುತ್ತದೆ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖ ಎಳೆಯುತ್ತದೆ. ನಾನಂತೂ 80 ಬಾರ್ ಇರುವಾಗಲೇ ಹತ್ತುವ ಜಾಗದ ಮುಂದಿರುತ್ತೇನೆ. ಅಲ್ಲಿ ಕಾಯಬೇಕಾಗಬಹುದು.

ಹತ್ತುವುದು

ಒಮ್ಮೆ ಎದೆಮಟ್ಟದ ನೀರಿನಲ್ಲೇ ಫಿನ್ ಬಿಚ್ಚಿದೆ. ದಡ ಐದಾರು ಹೆಜ್ಜೆ ದೂರ. ಅಷ್ಟರಲ್ಲಿ ಹಿಂದಿನಿಂದ ದೊಡ್ಡ ಅಲೆಗಳ ಸಾಲು ಬಂತು. ಒಂದು ಫಿನ್ ಹೋಯಿತು, ಮೊಣಕಾಲ ಚರ್ಮ ಬಂಡೆಗೆ ಅಂಟಿಕೊಂಡೇ ಉಳಿಯಿತು. ರೆಗ್ಯುಲೇಟರ್ ಬಾಯಲ್ಲೇ ಇತ್ತು, ಅದೇ ಪುಣ್ಯ.

ಅಲೆ ಒಡೆಯುವ ಗೆರೆಯ ಆಚೆಯೇ ನಿಂತು ಎಣಿಸಿ. ಕೊನೆಯ ದೊಡ್ಡ ಅಲೆ ಹೋದ ಮೇಲೆ ಅದರ ಬೆನ್ನ ಹಿಂದೆಯೇ ಈಜಿ ಬನ್ನಿ. ಹೊಟ್ಟೆ ತಳಕ್ಕೆ ತಾಗುವವರೆಗೂ ಎದ್ದು ನಿಲ್ಲಬೇಡಿ. ನೀರು ಹಿಂದಕ್ಕೆ ಎಳೆದಾಗ ತಳ ಹಿಡಿದುಕೊಳ್ಳಿ. ಬಂಡೆಗೆ ಕೈ ಹಾಕಬಹುದಾದ ಜಾಗ ಇದೊಂದೇ, ಅದೂ ಗ್ಲೌಸ್ ಇದ್ದರೆ, ಸೀ ಅರ್ಚಿನ್‌ಗಳ ಮುಳ್ಳು ನೋಡಿಕೊಂಡು. ಮಂಡಿಯೂರಿ, ತೆವಳಿಕೊಂಡು ಬನ್ನಿ. ನೋಡುವವರು ನಗಬಹುದು, ನಗಲಿ. ಅಲೆ ತಲುಪದ ಜಾಗಕ್ಕೆ ಬಂದ ಮೇಲೆ ಫಿನ್ ಬಿಚ್ಚಿ, ಎಲ್ಲಕ್ಕಿಂತ ಕೊನೆಗೆ ರೆಗ್ಯುಲೇಟರ್ ತೆಗೆಯಿರಿ. ಒಳಗಿರುವಾಗಲೇ ಅಲೆ ಜೋರಾಗಿದ್ದರೆ ಮೊದಲೇ ಗುರುತಿಸಿದ್ದ ಎರಡನೇ ಜಾಗಕ್ಕೆ ಈಜಿ.

ಸಾಮಾನನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆಯಿರಿ. ಬಂಡೆ ಕೊಲ್ಲಿಯ ಮರಳು ರೆಗ್ಯುಲೇಟರ್ ಗುಂಡಿಗಳ ಸಂದಿಯಲ್ಲಿ ಕೂತುಬಿಡುತ್ತದೆ. ವಿಮಾನ ಹತ್ತುವುದಿದ್ದರೆ ಒಂದೇ ಡೈವ್ ಆಗಿದ್ದಲ್ಲಿ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದಲ್ಲಿ 18 ಗಂಟೆ ಬಿಡಬೇಕು.